ಮನೆಯ ಮುಂದಿನ ಕಟ್ಟೆಯೂ ಪಂಚಾಯತಿಯ ಅಪ್ಪಣೆಯೂ



ಹಿಂಗಾರಿಯ ಜೋಳವು ಮನೆಗೆ ಬಂದು, ಮುಂಗಾರಿನ ಮಳೆಯು ಇನ್ನೂ ದೂರವಿರುವ ತಿಂಗಳುಗಳಲ್ಲಿ ನಮ್ಮ ಸೀಮೆಯ ಜನರು ಮನೆಗೆಲಸವನ್ನು ಕೈಕೊಳ್ಳುವದು ವಾಡಿಕೆ. ಭೀಮಾ ನದಿಯ ದಕ್ಷಿಣಕ್ಕೆ, ವಿಜಯಪುರದಿಂದ ಸೋಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಝಳಕಿಯಲ್ಲಿ ಒಬ್ಬ ಗೃಹಸ್ಥನು ಇಂಥ ಕಾಲದಲ್ಲಿ ನಮ್ಮನ್ನು ಕಂಡು ಒಂದು ಪ್ರಶ್ನೆಯನ್ನು ಕೇಳಿದನು. ಅವನು ತನ್ನ ಮನೆಯ ಮುಂದೆ ಎರಡು ಮೊಳ ಎತ್ತರದ ಕಲ್ಲಿನ ಕಟ್ಟೆಯನ್ನು ಕಟ್ಟಿ, ಫರಸಿ ಹಾಸಿ, ಮೇಲೆ ತಗಡಿನ ಚಪ್ಪರವನ್ನು ಹಾಕಬೇಕೆಂದಿದ್ದನು. "ಮಾಸ್ತರರೇ, ಜಾಗ ನನ್ನದು, ಕಲ್ಲು ನನ್ನದು, ದುಡ್ಡು ನನ್ನದು. ಇಷ್ಟಕ್ಕೆ ಪಂಚಾಯತಿಯ ಅಪ್ಪಣೆ ಯಾಕೆ ಬೇಕು? ನಮ್ಮ ಓಣಿಯಲ್ಲಿ ಯಾರು ಕೇಳಿ ಕಟ್ಟಿದ್ದಾರೆ?" ಎಂದನು. ಈ ಮಾತಿಗೆ ನಾವು ಕೂಡಲೇ ಉತ್ತರ ಕೊಡಲಾರದೆ ಹೋದೆವು. ಅದರ ಕಾರಣವನ್ನು ಮುಂದೆ ಹೇಳುವೆವು.

ಕಾಯಿದೆಯ ಉತ್ತರವು ಸ್ಪಷ್ಟವಾಗಿಯೇ ಇದೆ. ೧೯೯೩ರ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆಯ ೬೪ನೆಯ ಪ್ರಕರಣದ ಪ್ರಕಾರ, ಗ್ರಾಮ ಪಂಚಾಯತಿಯ ಲಿಖಿತ ಅಪ್ಪಣೆಯಿಲ್ಲದೆ ಯಾರೂ ಕಟ್ಟಡವನ್ನು ಕಟ್ಟಕೂಡದು. ಇರುವ ಕಟ್ಟಡವನ್ನು ಮಾರ್ಪಡಿಸಲೂ ಕೂಡದು, ಅದಕ್ಕೆ ಹೊಸದಾಗಿ ಕೂಡಿಸಲೂ ಕೂಡದು. ಹೀಗಿರಲಾಗಿ ಕಟ್ಟೆಗೂ ಚಪ್ಪರಕ್ಕೂ ಅಪ್ಪಣೆ ಬೇಕೇ ಎಂಬದನ್ನು ಕಚೇರಿಗೆ ಹೋಗಿ ಕೇಳದೆ, ಬೇಡವೆಂದು ನಾವೇ ತೀರ್ಮಾನ ಮಾಡಿಕೊಳ್ಳುವದು ಸರಿಯಲ್ಲ. ಆದರೆ ಆ ಗೃಹಸ್ಥನು ಕಾಯಿದೆಯನ್ನು ಅರಿಯದವನಲ್ಲ. ಎಲ್ಲರೂ ಮೀರುವ ಕಾಯಿದೆಯನ್ನು ತಾನೊಬ್ಬನು ಯಾಕೆ ಹೊರಬೇಕೆಂಬದೇ ಅವನ ಪ್ರಶ್ನೆಯಾಗಿತ್ತು. ಇದು ಕಚೇರಿಯ ಪ್ರಶ್ನೆಯಲ್ಲ, ಮನಸ್ಸಾಕ್ಷಿಯ ಪ್ರಶ್ನೆ.

ಮೊದಲು "ಜಾಗ ನನ್ನದು" ಎಂಬ ಮಾತನ್ನು ವಿಚಾರಿಸೋಣ. ಜಾಗವು ಒಬ್ಬನದಾಗಬಹುದು, ಆದರೆ ಅದರ ಮೇಲೆ ಬಿದ್ದ ನೀರು ಒಬ್ಬನದಾಗಿ ಉಳಿಯುವದಿಲ್ಲ. ತಗಡಿನ ಮೇಲೆ ಸುರಿದ ಮಳೆಯು ಎಲ್ಲಿಗಾದರೂ ಇಳಿಯಲೇಬೇಕು. ಓಣಿಯ ನೀರು ಹರಿಯುತ್ತಿದ್ದ ಕಡೆಯಲ್ಲಿ ಕಟ್ಟೆಯೆದ್ದರೆ ಆ ನೀರು ಬೇರೊಂದು ಬಾಗಿಲನ್ನು ಹುಡುಕುತ್ತದೆ. ಅದಲ್ಲದೆ ನಮ್ಮದು ಎರೆಯ ನೆಲ. ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ಅಂಥ ನೆಲದಲ್ಲಿ ಒಂದು ಗೋಡೆಯ ಬುಡಕ್ಕೆ ನೀರು ನಿಂತರೆ ಆ ಗೋಡೆಯ ಬುನಾದಿಯೇ ಅಲುಗಾಡುವದು. ಒಕ್ಕಲಿಗರಾದ ನಮಗೆ ಇದನ್ನು ಯಾವ ಇಂಜಿನಿಯರರೂ ಹೇಳಬೇಕಾಗಿಲ್ಲ.

ಈಗ ನಮ್ಮ ತಪ್ಪನ್ನು ಹೇಳುವೆವು. ಕೆಲವು ವರ್ಷಗಳ ಹಿಂದೆ ನಾವೂ ಯಾರನ್ನೂ ಕೇಳದೆ ಮನೆಯ ಮುಂದೆ ಕಟ್ಟೆಯನ್ನು ಕಟ್ಟಿದೆವು. ಸಂಜೆಯ ಹೊತ್ತು ನಾಲ್ಕು ಮಂದಿ ಕೂಡುವದಕ್ಕೆ ಸ್ಥಳವಾಯಿತೆಂದು ಸಂತೋಷಪಟ್ಟೆವು. ಓಣಿಯವರಲ್ಲಿ ಒಬ್ಬರೂ ಬೇಡವೆನ್ನಲಿಲ್ಲ. ಆದದರಿಂದ ಯಾರಿಗೂ ತೊಂದರೆಯಿಲ್ಲವೆಂದು ತಿಳಿದೆವು. ಆ ವರ್ಷ ಉತ್ತರೆಯ ಮಳೆ ಬಲವಾಗಿ ಹೊಡೆಯಿತು. ನಮ್ಮ ಕಟ್ಟೆಗೆ ತಡೆದ ನೀರು ಪಕ್ಕದ ವಿಧವೆಯ ಮಣ್ಣಿನ ಗೋಡೆಗೆ ನಿಂತಿತು. ಮೂರನೆಯ ರಾತ್ರಿ ಆ ಗೋಡೆಯು ಒಳಗಡೆಗೆ ಕುಸಿಯಿತು. ಅವಳು ಅಂದು ಮಗಳ ಊರಿಗೆ ಹೋಗಿದ್ದಳು. ಗೋಡೆ ಬಿದ್ದದ್ದು ಅವಳು ದಿನಾಲು ಮಲಗುತ್ತಿದ್ದ ಸ್ಥಳದ ಮೇಲೆ. ವರ್ಷಕ್ಕೆಂದು ಇಟ್ಟುಕೊಂಡಿದ್ದ ಜೋಳವೆಲ್ಲ ನೆನೆದು ಮುಗ್ಗಿಹೋಯಿತು.

ಅವಳು ಬಂದ ಮೇಲೆ ನಾವು ಅವಳನ್ನು ಕೇಳಿದೆವು: "ಆಯೀ, ನೀರು ನಿಲ್ಲುತ್ತದೆಂದು ಮೊದಲೇ ನಮಗೆ ಯಾಕೆ ಹೇಳಲಿಲ್ಲ?" ಅವಳು ತಲೆಯೆತ್ತದೆ, "ನೀವು ಕಲಿತವರು. ನಿಮಗ ನಾ ಏನ ಹೇಳಲಿ, ಯಪ್ಪಾ?" ಎಂದಳು.

ಪ್ರಿಯರೇ, ಆ ಮಾತು ಇಂದಿನ ವರೆಗೂ ನಮ್ಮನ್ನು ಬಿಟ್ಟಿಲ್ಲ. ಯಾರೂ ಬೇಡವೆನ್ನಲಿಲ್ಲವೆಂಬದನ್ನು ನಾವು ಎಲ್ಲರೂ ಒಪ್ಪಿದರೆಂದು ಎಣಿಸಿದ್ದೆವು. ಆದರೆ ಸುಮ್ಮನಿರುವವರೆಲ್ಲರೂ ಒಪ್ಪಿದವರಲ್ಲ. ಹೊಲದ ಕೂಲಿಗಾಗಿ ನಮ್ಮ ಬಾಗಿಲಿಗೆ ಬರಬೇಕಾದವನು, ಕಷ್ಟಕ್ಕೆ ನಮ್ಮಿಂದ ಕಡ ಕೇಳಬೇಕಾದವನು, ಮರ್ಯಾದೆಗೆ ಅಂಜುವವನು, ಇವರು ನಮ್ಮ ಮೋರೆಯನ್ನು ನೋಡಿ ಬೇಡವೆಂದು ಹೇಳಲಾರರು. ಕಟ್ಟಿ ಮುಗಿಸಿದ ಮೇಲಂತೂ ಹೇಳಿ ಫಲವಿಲ್ಲವೆಂದು ಬಾಯಿ ಮುಚ್ಚುವರು. ಅಪ್ಪಣೆಯ ಪ್ರಯೋಜನವು ಇಲ್ಲಿಯೇ ಇರುವದೆಂದು ನಮಗೆ ತೋರುತ್ತದೆ. ಕಲ್ಲು ಕೂಡ್ರುವದಕ್ಕೆ ಮುಂಚೆ ಸಂಗತಿಯು ಹೊರಗೆ ಬರುತ್ತದೆ. ನಮಗೂ ನೆರೆಯವನಿಗೂ ನಡುವೆ ನಮ್ಮ ಹಂಗಿಲ್ಲದ ಮೂರನೆಯವನೊಬ್ಬನು ಬಂದು, ನೀರೆಲ್ಲಿಗೆ ಹೋಗುವದು, ದಾರಿಯೆಷ್ಟು ಉಳಿಯುವದು ಎಂದು ಕೇಳುತ್ತಾನೆ. ಹೇಳಲಾರದವನ ಪ್ರಶ್ನೆಯನ್ನು ಅವನು ಕೇಳುತ್ತಾನೆ.

ಇದು ಹೊಸ ವಿಚಾರವಲ್ಲ. ಧರ್ಮೋಪದೇಶಕಾಂಡದ ೨೨ನೆಯ ಅಧ್ಯಾಯದಲ್ಲಿ ಹೊಸ ಮನೆ ಕಟ್ಟುವವನಿಗೆ ಒಂದು ನಿಯಮವುಂಟು. ಮಾಳಿಗೆಯ ಸುತ್ತಲೂ ತಡೆಗೋಡೆಯನ್ನು ಕಟ್ಟಬೇಕು, ಇಲ್ಲವಾದರೆ ಅಲ್ಲಿಂದ ಬಿದ್ದವನ ರಕ್ತದ ಅಪರಾಧವು ಮನೆಯ ಮೇಲೆ ಬರುವದು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವ ನಮ್ಮ ಸೀಮೆಯವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆ ಅವನದೇ, ಮಾಳಿಗೆ ಅವನದೇ; ಆದಾಗ್ಯೂ ಬೀಳುವವನು ಬೇರೊಬ್ಬನಾಗಿರಬಹುದು.

ಆದರೆ ಕಾಗದವೊಂದೇ ಗೋಡೆಯನ್ನು ನಿಲ್ಲಿಸುವದಿಲ್ಲವೆಂಬದನ್ನೂ ಹೇಳಬೇಕು. ೧೯೯೩ರ ಸಪ್ಟಂಬರ ೩೦ರಂದು ಬೆಳಗಾಗುವ ಮೊದಲೇ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತಲೂ ಭೂಕಂಪವಾಗಿ ಸುಮಾರು ೧೦,೦೦೦ ಜನರು ಸತ್ತರು. ಮಣ್ಣಿನ ಕೆಸರಿನಲ್ಲಿ ಕೂಡ್ರಿಸಿದ ದಪ್ಪ ಕಲ್ಲಿನ ಗೋಡೆಗಳೂ ಅವುಗಳ ಮೇಲಿನ ಭಾರವಾದ ಮಣ್ಣಿನ ಮಾಳಿಗೆಗಳೂ ಮಲಗಿದ್ದವರ ಮೇಲೆ ಬಿದ್ದದರಿಂದ ಸಾವು ಅಷ್ಟು ಹೆಚ್ಚಾಯಿತು. ಸತ್ತವರಲ್ಲಿ ತಪ್ಪಿಲ್ಲ; ಅವರು ಹಿರಿಯರು ಕಟ್ಟಿದಂತೆಯೇ ಕಟ್ಟಿದ್ದರು. ಆದರೆ ತಿಳಿದುಕೊಂಡ ನಮ್ಮ ಮೇಲೆ ಹೆಚ್ಚಿನ ಭಾರವಿದೆ. ಅಪ್ಪಣೆ ದೊರೆತ ಮೇಲೆಯೂ ಬುನಾದಿಯನ್ನು ಆಳವಾಗಿ ತೆಗೆಯುವದು ಕಟ್ಟುವವನ ಪಾಲಿನ ಕರ್ತವ್ಯವೇ.

"ಕಚೇರಿಗೆ ಹತ್ತು ಸಾರಿ ತಿರುಗಬೇಕು, ಕೈ ಬೆಚ್ಚಗೆ ಮಾಡಬೇಕು" ಎಂದು ಕೆಲವರು ಹೇಳುವರು. ಈ ದೂರು ಸುಳ್ಳೆಂದು ನಾವು ಹೇಳಲಾರೆವು. ಆದರೆ ಲಂಚ ಕೊಟ್ಟು ಕಟ್ಟುವದು ಒಂದು ದಾರಿ, ಕೇಳದೆ ಕಟ್ಟುವದು ಒಂದು ದಾರಿ. ಇವೆರಡರ ನಡುವೆ ಮೂರನೆಯ ದಾರಿಯೂ ಉಂಟು. ಜಾಗದ ಉತಾರವನ್ನೂ ಅಳತೆಯ ನಕಾಶೆಯನ್ನೂ ಕೂಡಿಸಿ ಅರ್ಜಿ ಕೊಟ್ಟು, ರಸೀದಿಯನ್ನು ಇಸಕೊಂಡು, ಕಾಯುವದೇ ಆ ದಾರಿ. ಗೊತ್ತುಮಾಡಿದ ದಿನಗಳೊಳಗೆ ಸರಕಾರದ ಸೇವೆಗಳನ್ನು ಕೊಡಬೇಕೆಂದು ೨೦೧೧ರಲ್ಲಿ ಸಕಾಲದ ಕಾಯಿದೆಯೂ ಆಗಿದೆ. ಒಂದು ಬೇಸಿಗೆ ತಡವಾದರೆ ಕಟ್ಟೆಯು ಒಂದು ವರ್ಷ ತಡವಾಗುವದು. ಅದಕ್ಕಿಂತ ಹೆಚ್ಚಿನ ನಷ್ಟವೇನೂ ಇಲ್ಲ.

ಆ ಗೃಹಸ್ಥನಿಗೆ ನಾವು ಈ ಸಂಗತಿಯನ್ನೆಲ್ಲ ಹೇಳಿ, ಕಚೇರಿಗೆ ಹೋಗುವ ಮೊದಲು ಎಡಬಲದ ಮನೆಗಳಿಗೂ ಎದುರಿನ ಮನೆಗೂ ಹೋಗಿ ಕೇಳೆಂದೆವು. ಅದರಲ್ಲಿಯೂ ನಿನಗೆ ಬೇಡವೆನ್ನಲು ಅಂಜುವವರು ಯಾರೋ ಅವರನ್ನು ಮೊದಲು ಕೇಳೆಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಕಟ್ಟೆ ಏನಾಯಿತು, ಮಾಸ್ತರರೇ?" ಎಂದು ಕೇಳಿದನು.

ಕೇಳತಕ್ಕ ಮಾತೇ. ಆ ಮಳೆಗಾಲ ಮುಗಿದ ಮೇಲೆ ನಾವು ಕಟ್ಟೆಯ ಒಂದು ಮಗ್ಗುಲನ್ನು ಕಿತ್ತು ನೀರಿಗೆ ದಾರಿ ಮಾಡಿದೆವು. ಆ ಕಲ್ಲುಗಳಿಂದಲೇ ಆಯಿಯ ಗೋಡೆಗೆ ಬುನಾದಿ ಹಾಕಿಸಿದೆವು. ಉಳಿದ ಕಟ್ಟೆಯ ಅಳತೆಯನ್ನು ಬರೆದುಕೊಂಡು, ಕೇಳದೆ ಕಟ್ಟಿದ್ದೇವೆಂದು ಒಪ್ಪಿಕೊಂಡು, ಪಂಚಾಯತಿಗೆ ಅರ್ಜಿ ಕೊಟ್ಟೆವು. ಈಗ ಕಟ್ಟೆಯು ಮೊದಲಿಗಿಂತ ಚಿಕ್ಕದು. ಸಂಜೆಯ ಹೊತ್ತು ಆಯಿಯೂ ಒಮ್ಮೊಮ್ಮೆ ಅದರ ಮೇಲೆ ಬಂದು ಕೂಡುತ್ತಾಳೆ.