ಬಿಡುಗಡೆ ಎಂಬ ಮಾತು

ನ್ಯಾಯಾಲಯದ ಕಡತದಲ್ಲಿ ‘ಬಿಡುಗಡೆ’ ಎಂಬ ಮಾತನ್ನು ಕಂಡ ರೈತನು ಇನ್ನು ತನಗೆ ಭಯವಿಲ್ಲವೆಂದು ನಂಬಿ ಮನೆಗೆ ಹಿಂದಿರುಗುವನು; ಅದೇ ಮಾತನ್ನು ಕೇಳಿದ ನೆರೆಯವನು, ಸಾಕ್ಷಿ ಸಾಲದೆ ತಪ್ಪಿಸಿಕೊಂಡನೆಂದು ಮೂಗು ಮುರಿಯುವನು. ಕಾನೂನು ಹೇಳಿದುದು ಇವೆರಡೂ ಅಲ್ಲದಿರಬಹುದು.

ಜಾಮೀನಿನ ಮೇಲೆ ಸೆರೆಯಿಂದ ಹೊರಬಂದುದೂ ಲೋಕದ ಬಾಯಲ್ಲಿ ಬಿಡುಗಡೆಯೇ; ಆಗ ಮೊಕದ್ದಮೆ ಇನ್ನೂ ನಡೆದೇ ಇರುತ್ತದೆ. ಆರೋಪವನ್ನು ಹೊರಿಸುವುದಕ್ಕೆ ತಕ್ಕ ಆಧಾರವಿಲ್ಲವೆಂದು ಮೊದಲಲ್ಲಿಯೇ ಕೈಬಿಟ್ಟುದೂ ಬಿಡುಗಡೆಯೇ. ವಕೀಲರು ಇದನ್ನು ಡಿಸ್ಚಾರ್ಜ್ ಎನ್ನುವರು. ಸಾಕ್ಷ್ಯವನ್ನೆಲ್ಲ ಪರಿಶೀಲಿಸಿ ಅಪರಾಧಿಯಲ್ಲವೆಂದು ತೀರ್ಪಿತ್ತುದೂ ಬಿಡುಗಡೆಯೇ, ಇದು ಖುಲಾಸೆ. ಖುಲಾಸೆಯಾದವನನ್ನು, ಆ ತೀರ್ಪು ನಿಂತಿರುವವರೆಗೆ, ಅದೇ ಅಪರಾಧಕ್ಕಾಗಿ ಮತ್ತೆ ವಿಚಾರಿಸಕೂಡದೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 300ನೆಯ ಪ್ರಕರಣವು ವಿಧಿಸಿತು. ಡಿಸ್ಚಾರ್ಜ್ ಎಂಬುದು ಖುಲಾಸೆಯಲ್ಲವೆಂದೂ ಅಲ್ಲಿಯೇ ವಿವರಿಸಿತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಈ ಭೇದ ಉಳಿದಿದೆ. ಡಿಸ್ಚಾರ್ಜ್ ಆಗಿ ನೆಮ್ಮದಿಯಿಂದ ಮಲಗಿದವನ ಬಾಗಿಲನ್ನು, ಹೊಸ ಆಧಾರ ದೊರೆತರೆ, ಅದೇ ಮೊಕದ್ದಮೆ ಮತ್ತೆ ತಟ್ಟಬಹುದು.

ಕಾನೂನನ್ನು ಅರಿಯೆನೆಂಬುದು ನೆಪವಾಗದೆಂಬ ನಿಯಮವು ಪುರಾತನವಾದುದು. ಅದಿಲ್ಲದೆ ನ್ಯಾಯಸ್ಥಾನ ಒಂದು ದಿನವೂ ನಡೆಯಲಾರದೆಂಬುದು ನಿಜ. ಆದರೆ ಆ ನಿಯಮವು ಮನುಷ್ಯನು ಮಾಡಿದ ಕಾರ್ಯಕ್ಕೆ ಸಂಬಂಧಿಸಿದುದು. ಕಡತದ ಮಾತಾದರೋ ನ್ಯಾಯಸ್ಥಾನವು ತಾನಾಗಿ ಆಡಿದುದು. ಆಡಿದವರಿಗೆ ತಿಳಿಸುವ ಹೊಣೆಯಿಲ್ಲವೇ? ಉಂಟೆಂದು ಕಾನೂನೇ ಒಪ್ಪಿದಂತಿದೆ. ಸಾಕ್ಷಿಯ ಹೇಳಿಕೆಯನ್ನು ಅವನಿಗೆ ಓದಿ ಹೇಳಬೇಕು. ಬರೆದ ಭಾಷೆ ಅವನಿಗೆ ಬಾರದಿದ್ದರೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಆಪಾದಿತನು ಬೇಡಿದರೆ ತೀರ್ಪಿನ ಅನುವಾದವು, ಸಾಧ್ಯವಾದಲ್ಲಿ, ಅವನ ಭಾಷೆಯಲ್ಲಿಯೇ ದೊರೆಯತಕ್ಕದ್ದು. ಆದರೆ ಅನುವಾದದಲ್ಲಿಯೂ ‘ಬಿಡುಗಡೆ’ಯು ಬಿಡುಗಡೆಯಾಗಿಯೇ ಬಂದರೆ ರೈತನಿಗೆ ದೊರೆತುದೇನು?

ಇಷ್ಟಾದರೂ ರೈತನ ಅಜ್ಞಾನವು ಕೆಡಿಸುವುದು ಅವನನ್ನೇ. ನೆರೆಯವನದು ಹಾಗಲ್ಲ. ಅಪರಾಧವನ್ನು ಸ್ಥಾಪಿಸುವ ಭಾರ ಆರೋಪಿಸಿದವರದು. ಆ ಭಾರವನ್ನು ಅವರು ಹೊರಲಾರದೆ ಹೋದಾಗ ಸಂಶಯದ ಪ್ರಯೋಜನವು ಆಪಾದಿತನಿಗೆ ಸಲ್ಲುವುದು. ಅದನ್ನು ಅರ್ಧ ಅಪರಾಧವೆಂದು ಎಣಿಸುವುದಕ್ಕೆ ಕಾನೂನಿನಲ್ಲಿ ಎಡೆಯಿಲ್ಲ. ಊರಿನ ಜಗಲಿಯ ಮೇಲೆ ಮಾತ್ರ ಬೇಕಾದಷ್ಟು ಎಡೆಯುಂಟು. ತನ್ನ ಅಜ್ಞಾನಕ್ಕೆ ರೈತನು ದಂಡ ತೆರುತ್ತಾನೆ. ನೆರೆಯವನ ಅಜ್ಞಾನಕ್ಕೂ ಅವನೇ ತೆರುತ್ತಾನೆ. ಒಬ್ಬನನ್ನು ಒಂದು ಮಾತಿನಿಂದ ಅಳೆಯಹೊರಟವನು ಆ ಮಾತಿನ ಅರ್ಥವನ್ನು ಯಾರಾದರೂ ವಕೀಲರನ್ನು ಕೇಳಿಯಾದರೂ ತಿಳಿಯಬಹುದಾಗಿತ್ತು.

ತೀರ್ಪಿನ ನಕಲನ್ನು ಪೆಟ್ಟಿಗೆಯಲ್ಲಿ ಮಡಿಸಿಟ್ಟು, ಮಗಳ ಸಂಬಂಧದ ಮಾತು ಬಂದಾಗ ಹೊರತೆಗೆಯುವವರು ಉಂಟು. ಬಂದ ಬೀಗರು ಕಡೆಯ ಸಾಲನ್ನು ಮಾತ್ರ ಓದಿ, ಮೆಲ್ಲನೆ ಹಿಂದಕ್ಕೆ ಕೊಡುವರು.