ಹರಕೆಯ ದುಡ್ಡು

ತಂದೆಯೇ, ನಾಳೆ ಸೆಪ್ಟೆಂಬರ್ 8, ಮರಿಯ ಮಾತೆ ಹುಟ್ಟಿದ ದಿನ. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ಪಿ.ಬಿ. ರಸ್ತೆ ಹಿಡಿದು, ದೊಡ್ಡಬಾತಿ ದಾಟಿ, ಆರೋಗ್ಯ ಮಾತೆಯ ಸನ್ನಿಧಿಗೆ ಎಷ್ಟು ವರ್ಷ ನಡೆದಿದ್ದೇನೆ ಎಂಬುದು ನಿನಗೆ ಗೊತ್ತು. ಕಾಲಲ್ಲಿ ಎದ್ದ ಬೊಬ್ಬೆ, ಹಚ್ಚಿದ ಮೇಣದಬತ್ತಿ, ಎಣಿಸಿದ ಜಪಸರ, ಎಲ್ಲದರ ಲೆಕ್ಕವನ್ನೂ ನಿನಗೆ ಒಪ್ಪಿಸಿದ್ದೇನೆ. ಒಂದನ್ನು ಮಾತ್ರ ಮುಚ್ಚಿಟ್ಟೆ.

ಆ ಸಂಜೆ ನಿನಗೂ ನೆನಪಿದೆ. ಪಕ್ಕದ ಮನೆಯವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಾಗಿಲಲ್ಲಿ ನಿಂತಿದ್ದಳು. ಗಂಡ ದುಡಿಯುತ್ತಿದ್ದ ಮಿಲ್ಲು ಬಂದಾಗಿ ಆರು ತಿಂಗಳಾಗಿತ್ತು. ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದ ಊರಿನಲ್ಲಿ ಆಗ ಸೈರನ್ನುಗಳು ಒಂದೊಂದಾಗಿ ನಿಲ್ಲುತ್ತಿದ್ದವು. “ಟೀಚರಮ್ಮಾ, ಐನೂರು ಇದ್ರೆ ಕೊಡ್ರಿ. ಹುಡುಗಿ ಹತ್ತನೇ ಕ್ಲಾಸು. ಫೀಸು, ಪುಸ್ತಕ ಎರಡೂ ಆಗಿಲ್ಲ” ಅಂದಳು. ನಾನು “ಇಲ್ಲವ್ವ” ಅಂದೆ.

ದುಡ್ಡು ಇತ್ತು. ಅಲಮಾರಿನಲ್ಲಿ, ಹಾಸಿದ ಪೇಪರಿನ ಕೆಳಗೆ, ಹರಿಹರದ ಹರಕೆಗೆಂದು ತೆಗೆದಿಟ್ಟದ್ದು. ದೇವರ ದುಡ್ಡನ್ನು ಮುಟ್ಟಬಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿನ್ನ ಹೆಸರಿನಲ್ಲಿಯೇ ನಿನ್ನ ಮಗಳನ್ನು ಬಾಗಿಲಿಂದ ಕಳಿಸಿದೆ. “ಇರ್ಲಿ ಬಿಡ್ರಿ” ಎಂದು ಅವಳು ಹೋದಳು. ದಸರೆಯ ಹೊತ್ತಿಗೆ ಹುಡುಗಿ ಮಂಡಕ್ಕಿ ಭಟ್ಟಿ ಸೇರಿದಳು. ಕಾದ ಮರಳಿನ ಝಳದಲ್ಲಿ, ಹೊಗೆಯಲ್ಲಿ, ಚೀಲ ತುಂಬುವ ಕೆಲಸ. ನಾನು ಊರ ಮಕ್ಕಳಿಗೆಲ್ಲ ಪಾಠ ಹೇಳುತ್ತಿದ್ದವಳು, ಕರ್ತನೇ.

ಪ್ರತಿ ತಪಸ್ಸುಕಾಲದಲ್ಲಿಯೂ ಪಾಪನಿವೇದನೆಗೆ ಮಂಡಿಯೂರಿದೆ. “ಕರುಣೆಯಿಲ್ಲದೆ ನಡೆದುಕೊಂಡಿದ್ದೇನೆ, ಸ್ವಾಮಿ” ಎಂದೆ. ಗುರುಗಳು ಆಶೀರ್ವದಿಸಿ ಕಳಿಸಿದರು. ಅವರಾದರೂ ಏನು ಮಾಡಿಯಾರು? ‘ಕರುಣೆಯಿಲ್ಲದೆ’ ಎಂಬ ದೊಡ್ಡ ಮಾತಿನ ಮರೆಯಲ್ಲಿ ಐನೂರು ರೂಪಾಯಿ ಅಡಗಿ ಕೂತಿತ್ತು. ಬಾಗಿಲು, ಸೆರಗು, ‘ಇಲ್ಲವ್ವ’ ಎಂಬ ಮಾತು, ಇವನ್ನು ಹೆಸರಿಟ್ಟು ಹೇಳದ ನನ್ನ ಪಶ್ಚಾತ್ತಾಪ ಬರೀ ವ್ಯಸನವಾಗಿತ್ತು. ಅತ್ತೆ, ಹಗುರಾದೆ, ಎದ್ದು ಬಂದೆ. ಆ ಮನೆಗೆ ಮಾತ್ರ ಹೋಗಲಿಲ್ಲ.

ಕಾಣಿಕೆ ಹಿಡಿದು ಬಲಿಪೀಠದ ಮುಂದೆ ನಿಂತವನಿಗೆ, ತನ್ನಿಂದ ನೊಂದವನ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಬಳಿಗೆ ಹೋಗಬೇಕೆಂದು ನಿನ್ನ ಮಗ ಹೇಳಿದ. ನಾನು ಕಾಣಿಕೆಯನ್ನು ಬಿಗಿಯಾಗಿ ಹಿಡಿದುಕೊಂಡೇ ಇಷ್ಟು ವರ್ಷ ನಿಂತೆ.

ಹರಿಹರದ ಹೊಳೆದಂಡೆಯಲ್ಲಿ ನಿಂತಾಗ ನಿತ್ಯತೆ ಅಂದರೇನು ಎಂದು ಯೋಚಿಸಿದ್ದೇನೆ. ಹರಿಹರೇಶ್ವರನ ಗುಡಿಯನ್ನು ಹೊಯ್ಸಳ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ. ಎಂಟುನೂರು ವರ್ಷವಾದರೂ ಕಂಬಗಳ ನುಣುಪು ಹೋಗಿಲ್ಲ. ಅದೇ ಊರಿನಲ್ಲಿ 1941ರಲ್ಲಿ ಶುರುವಾಗಿ ದೇಶಕ್ಕೆಲ್ಲ ಲೇಥ್ ಕಳಿಸಿದ ಮೈಸೂರು ಕಿರ್ಲೋಸ್ಕರ್ ಈಗ ಇಲ್ಲ. ಪೋಪ್ ಫ್ರಾನ್ಸಿಸರು ನಮ್ಮ ಮಾತೆಯ ದೇವಾಲಯಕ್ಕೆ ಬೆಸಿಲಿಕಾ ಪದವಿ ಕೊಟ್ಟಾಗ ನಾನೂ ಹಿಗ್ಗಿದೆ. ಆದರೆ ಕಲ್ಲಿಗೂ ಕಬ್ಬಿಣಕ್ಕೂ ಪದವಿಗೂ ಒಂದು ಕೊನೆಯಿದೆ. ಅರೆಗಳಿಗೆಯಲ್ಲಿ ಆಡಿದ ‘ಇಲ್ಲವ್ವ’ ಮಾತ್ರ ಇನ್ನೂ ಮುಗಿದಿಲ್ಲ. ಆ ತಾಯಿ ತೀರಿಕೊಂಡಳು. ಇಲ್ಲಿ ಅವಳ ಕ್ಷಮೆ ಕೇಳುವ ದಾರಿ ಮುಚ್ಚಿತು. ನಿತ್ಯಜೀವ ಎಂದಾಗ ಈಗ ನನಗೆ ಹೊಳೆಯುವುದು ಅವಳ ಮುಖ. ಅವಳೆದುರು ನಿಲ್ಲಬೇಕು, ತಲೆಯೆತ್ತಿ ನೋಡಬೇಕು.

ಲಾಜರನ ಕಥೆಯಲ್ಲಿ ಆ ಸಿರಿವಂತ ಯಾರನ್ನೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಬಾಗಿಲಲ್ಲಿ ಬಿದ್ದಿದ್ದ ಲಾಜರನನ್ನು ಕಾಣದೆ ಉಂಡ, ಅಷ್ಟೆ. ಬದುಕಿದ್ದಾಗ ಅವರಿಬ್ಬರ ನಡುವೆ ಇದ್ದದ್ದು ಒಂದು ಹೊಸಿಲು. ಸತ್ತಮೇಲೆ ಅದೇ ಯಾರೂ ದಾಟಲಾಗದ ಕಂದರವಾಯಿತು. ಆ ಕಂದರವನ್ನು ನೀನು ತೋಡಲಿಲ್ಲ, ತಂದೆಯೇ. ಅವನೇ ದಿನದಿನವೂ ಊಟಕ್ಕೆ ಕೂತು ತೋಡಿದ. ನಮ್ಮಿಬ್ಬರ ಮನೆಗಳ ನಡುವೆ ಇದ್ದದ್ದೂ ಒಂದೇ ಗೋಡೆ.

ಆ ತಾಯಿಯ ಮಗಳು ಈಗ ಮಿರ್ಚಿ ಮಂಡಕ್ಕಿ ಅಂಗಡಿ ಇಟ್ಟಿದ್ದಾಳೆ. ಹೋದ ತಿಂಗಳು ನನ್ನನ್ನು ಕಂಡು, “ಟೀಚರ್, ಅರಾಮದೀರಾ?” ಎಂದು ಸ್ಟೂಲು ಎಳೆದು ಕೂರಿಸಿದಳು. ಬಿಸಿ ಮಿರ್ಚಿ ಕಟ್ಟಿಕೊಟ್ಟಳು. ದುಡ್ಡು ಚಾಚಿದರೆ, “ನಿಮ್ಮತ್ರ ತಗೊಳ್ಳೋದಾ?” ಎಂದು ಕೈ ಹಿಂದಕ್ಕೆ ಸರಿಸಿದಳು. ಅವಳಿಗೆ ಆ ಸಂಜೆ ಗೊತ್ತೋ ಇಲ್ಲವೋ. ಆ ಪೊಟ್ಟಣ ಮನೆಯಲ್ಲಿ ತಣ್ಣಗಾಯಿತು. ತಿನ್ನಲಾಗಲಿಲ್ಲ.

ಆ ಐನೂರನ್ನು ಈಗ ಕೊಟ್ಟು ಕೈ ತೊಳೆದುಕೊಳ್ಳುವ ಯೋಚನೆ ಬಂದಿತ್ತು. ಅದು ಬೇಡ. ಅವಳ ಮಗ ಈಗ ಒಂಬತ್ತನೆಯ ತರಗತಿ, ಗಣಿತದಲ್ಲಿ ಹಿಂದೆ ಎಂದಳು. ಅವಳು ಒಪ್ಪಿದರೆ ದಿನವೂ ಕೂರಿಸಿಕೊಂಡು ಹೇಳಿಕೊಡುತ್ತೇನೆ. ಬೇಡವೆಂದರೆ, ಬಯ್ದರೆ, ನಿಂತು ಕೇಳಿಸಿಕೊಳ್ಳುವ ಶಕ್ತಿ ಕೊಡು. ಹರಕೆಯ ನೆಪ, ವಯಸ್ಸಿನ ನೆಪ, ಮಂಡಿನೋವಿನ ನೆಪ ನಾಲಗೆಗೆ ಬಾರದಂತೆ ಕಾಯಿ.

ಅವಳು ಸಂಜೆ ಐದಕ್ಕೆ ಒಲೆ ಹಚ್ಚುತ್ತಾಳೆ. ಇವತ್ತು ಗಿರಾಕಿಗಳು ಬರುವ ಮೊದಲೇ ಹೋಗುತ್ತೇನೆ. ಹರಿಹರಕ್ಕೆ ನಾಳೆ ಬರುತ್ತೇನೆ. ಮೊದಲು ಅವಳ ಅಂಗಡಿಯವರೆಗೆ ನನ್ನ ಜೊತೆ ನಡೆ, ತಂದೆಯೇ. ಆಮೆನ್.