ಕತ್ತರಿ ಹಿಡಿದವರ ಗುರುತು

1935ರ ಕೊನೆಯಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ತನ್ನ ವಾರ್ಷಿಕ ಸಮ್ಮೇಳನದ ಅಧ್ಯಕ್ಷತೆಗೆ ಅಂಬೇಡ್ಕರ್ ಅವರನ್ನು ಆಹ್ವಾನಿಸಿತು. ಹೆಸರೇ ಹೇಳುವಂತೆ ಅದು ಜಾತಿ ಮುರಿಯಲೆಂದು ಹುಟ್ಟಿದ ಸಂಸ್ಥೆ. ಆದರೆ ಭಾಷಣದ ಪ್ರತಿ ಕೈಸೇರಿದಾಗ ಮಂಡಲದವರು ಗಾಬರಿಯಾದರು. ಧರ್ಮಗ್ರಂಥಗಳ ನೈತಿಕತೆಯನ್ನೇ ಪ್ರಶ್ನಿಸುವ ಭಾಗ, ತಾನು ಹಿಂದೂ ಧರ್ಮ ಬಿಡಲಿದ್ದೇನೆ ಎಂಬ ಸೂಚನೆ, ಇವೆಲ್ಲ ಇಲ್ಲಿ ಬೇಕೇ ಎಂದು ಕೇಳಿದರು. ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಎಂದು ಅಂಬೇಡ್ಕರ್ ಉತ್ತರ ಬರೆದರು. 1936ರ ಮೇ ತಿಂಗಳಲ್ಲಿ ನಡೆಯಬೇಕಿದ್ದ ಸಮ್ಮೇಳನ ನಡೆಯಲಿಲ್ಲ.

ಈ ಪ್ರಸಂಗವನ್ನು ನಾವು ಅಂಬೇಡ್ಕರ್ ಅವರ ದಿಟ್ಟತನಕ್ಕಾಗಿ ನೆನೆಯುತ್ತೇವೆ. ನನಗೆ ಮಂಡಲದವರ ಕುರ್ಚಿಯಲ್ಲಿ ಕೂತು ಇದನ್ನು ನೋಡಬೇಕೆನಿಸುತ್ತದೆ, ಯಾಕೆಂದರೆ ನಮ್ಮಲ್ಲಿ ಹೆಚ್ಚಿನವರು ಕೂರುವುದು ಅಲ್ಲೇ. ಅವರು ಸನಾತನಿಗಳಲ್ಲ, ಸುಧಾರಕರು. ಅವರು ಕೊಟ್ಟ ಕಾರಣಗಳೂ ಸಭ್ಯವಾಗಿಯೇ ಇದ್ದವು: ವಿಷಯಕ್ಕೆ ಸಂಬಂಧವಿಲ್ಲ, ಅನಗತ್ಯವಾಗಿ ಕೆರಳಿಸುತ್ತದೆ. ಪತ್ರಿಕೆಗೆ ಬಂದ ಓದುಗರ ಪತ್ರ ಆರಿಸುವವರು, ವಿಚಾರ ಸಂಕಿರಣದಲ್ಲಿ ಮೈಕು ಹಿಡಿದು ‘ಪ್ರಶ್ನೆ ಚಿಕ್ಕದಾಗಿರಲಿ’ ಅನ್ನುವವರು, ಎಲ್ಲರೂ ಬಳಸುವ ಕಾರಣಗಳೇ ಇವು.

ಹಾಗಾದರೆ ಏನನ್ನೂ ಕತ್ತರಿಸಬಾರದೇ? ಈ ಮಾತು ಕೇಳಲು ಚೆನ್ನ, ಅಷ್ಟೆ. ಪುಟಕ್ಕೂ ಮಿತಿಯಿದೆ, ಕೇಳುವವರ ತಾಳ್ಮೆಗೂ ಮಿತಿಯಿದೆ. ನಮ್ಮ ವಿಭಾಗದ ಗೋಡೆ ಪತ್ರಿಕೆಗೆ ಹೆಸರಿಲ್ಲದ ಚೀಟಿಗಳು ಬರುತ್ತವೆ. ಅಂಟಿಸುವುದೋ ಬಿಡುವುದೋ ಎಂದು ನಾವು ಮೂವರು ಕೂತು ನಿರ್ಧರಿಸುತ್ತೇವೆ. ಒಂದು ಚೀಟಿ, ಮೀಸಲಾತಿಯಲ್ಲಿ ಬಂದವರಿಗೆ ಪಿಎಚ್.ಡಿ. ಯಾಕೆ ಎಂದು ಕೇಳುತ್ತಿತ್ತು. ಇನ್ನೊಂದು, ಮಾರ್ಗದರ್ಶಕರು ಅಡ್ಡಹೆಸರು ನೋಡಿ ವಿದ್ಯಾರ್ಥಿಗಳನ್ನು ಆರಿಸುತ್ತಾರೆ ಎನ್ನುತ್ತಿತ್ತು. ಎರಡೂ ಕೆರಳಿಸುವ ಮಾತೇ. ‘ಎರಡನ್ನೂ ಬಿಟ್ಟುಬಿಡೋಣ, ಸಮಾನ ನ್ಯಾಯ’ ಎಂದ ಗೆಳೆಯನ ವಾದ ನನಗೆ ಒಪ್ಪಿಗೆಯಾಗಲಿಲ್ಲ. ಮೊದಲನೆಯದು ಒಬ್ಬಳು ಆ ಕೋಣೆಯಲ್ಲಿ ಇರಲು ಅರ್ಹಳೇ ಎಂದು ಕೇಳುತ್ತದೆ; ಅವಳು ಚರ್ಚೆಗೆ ಇಳಿಯುವ ಮೊದಲು ತನ್ನ ಇರವನ್ನೇ ಸಮರ್ಥಿಸಿಕೊಳ್ಳಬೇಕು. ಎರಡನೆಯದು ಕೋಣೆಯಲ್ಲಿ ಈಗಾಗಲೇ ಗಟ್ಟಿಯಾಗಿ ಕೂತವರ ನಡತೆಯನ್ನು ಕೇಳುತ್ತದೆ. ಅವರಿಗೂ ನೋವಾಗಬಹುದು, ಆದರೆ ಅವರ ಕುರ್ಚಿಯೇನೂ ಅಲುಗುವುದಿಲ್ಲ. ಲಾಹೋರಿನವರು ಕಾಪಾಡಲು ಹೊರಟದ್ದು ಇಂಥ ಕುರ್ಚಿಗಳನ್ನು.

ಈ ಅಳತೆಗೋಲು ಎಲ್ಲ ಕಡೆ ಸಲ್ಲುತ್ತದೆಂದು ನಾನು ಹೇಳಲಾರೆ. ಗಟ್ಟಿಯಾಗಿ ಕೂತವರು ಯಾರು ಎಂಬುದೇ ಜಗಳದ ವಿಷಯವಾಗಬಹುದು. ಕತ್ತರಿ ಹಿಡಿದವರಿಗೆ ತಮ್ಮ ಕಣ್ಣಿನ ಮೇಲೆ ನಂಬಿಕೆ ಜಾಸ್ತಿ, ಮಂಡಲದವರಿಗೂ ಇತ್ತು. ಆದ್ದರಿಂದ ಏನನ್ನು ತೆಗೆದೆವು ಎಂಬುದರಷ್ಟೇ ಮುಖ್ಯವಾದದ್ದು, ತೆಗೆದದ್ದು ಓದುಗರಿಗೆ ಗೊತ್ತಾಗುತ್ತದೆಯೇ ಎಂಬುದು.

ಲೋಕಸಭೆಯ ನಿಯಮಾವಳಿ ಈ ವಿಷಯದಲ್ಲಿ ನಮಗಿಂತ ಪ್ರಾಮಾಣಿಕ. 380ನೇ ನಿಯಮದಂತೆ ಸಭಾಧ್ಯಕ್ಷರು ಅಸಭ್ಯ ಮಾತನ್ನು ಕಡತದಿಂದ ತೆಗೆಸಬಹುದು. ಆದರೆ 381ನೇ ನಿಯಮದಂತೆ ಆ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿ, ಪೀಠದ ಆದೇಶದಂತೆ ತೆಗೆಯಲಾಗಿದೆ ಎಂದು ಅಡಿಟಿಪ್ಪಣಿ ಕೊಡಬೇಕು. ಮಾತು ಹೋಗುತ್ತದೆ, ಗಾಯದ ಗುರುತು ಉಳಿಯುತ್ತದೆ. ತುರ್ತು ಪರಿಸ್ಥಿತಿ ಹೇರಿದ ಮೂರೇ ದಿನಕ್ಕೆ, 1975ರ ಜೂನ್ 28ರಂದು, ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಅಚ್ಚುಹಾಕಿತು. ಆಮೇಲೆ ಸೆನ್ಸಾರಿನವರು ಹಾಗೆ ಖಾಲಿ ಬಿಡುವುದನ್ನೂ ತಡೆದರು. ಮಾತಿಗಿಂತ ಬಿಳಿ ಜಾಗವೇ ಅವರಿಗೆ ಹೆಚ್ಚು ಅಪಾಯಕಾರಿಯಾಗಿ ಕಂಡಿರಬೇಕು.

ಅಂಬೇಡ್ಕರ್ ಮಾಡಿದ್ದೂ ಇದನ್ನೇ, ಇನ್ನೂ ವಿಸ್ತಾರವಾಗಿ. ಭಾಷಣವನ್ನು ತಾವೇ 1,500 ಪ್ರತಿ ಅಚ್ಚುಹಾಕಿಸಿದರು, ಮಂಡಲದೊಂದಿಗಿನ ಪತ್ರವ್ಯವಹಾರವನ್ನು ಮುನ್ನುಡಿಯಾಗಿ ಸೇರಿಸಿದರು. ಗಾಂಧೀಜಿ ‘ಹರಿಜನ’ದಲ್ಲಿ ಅದನ್ನು ವಿಮರ್ಶಿಸಿದರು, ಭಾಷಣ ಕೇಳುವ ಅವಕಾಶವನ್ನು ಜನರಿಂದ ತಪ್ಪಿಸಿದ ಮಂಡಲದ ನಡೆಯನ್ನೂ ಆಕ್ಷೇಪಿಸಿದರು. (ಎಂಟಾಣೆ ಬೆಲೆ ಹೆಚ್ಚಾಯಿತು, ಎರಡಾಣೆಗೆ ಇಳಿಸಿ ಎಂಬ ಸಲಹೆಯೂ ಅದರಲ್ಲಿತ್ತು!) 1937ರ ಎರಡನೇ ಆವೃತ್ತಿಯಲ್ಲಿ ಅಂಬೇಡ್ಕರ್ ಗಾಂಧೀಜಿಯ ಟೀಕೆಯನ್ನೂ ಸೇರಿಸಿ, ಅದರ ಬೆನ್ನಿಗೆ ತಮ್ಮ ಖಾರವಾದ ಉತ್ತರವನ್ನು ಇಟ್ಟರು. ಕೊನೆಯ ಮಾತನ್ನು ಅವರು ತಮಗೇ ಇಟ್ಟುಕೊಂಡರು, ನಿಜ. ಪುಸ್ತಕ ಅವರದ್ದಲ್ಲವೇ. ಆದರೆ ಮಂಡಲದವರ ಅಳುಕು, ಗಾಂಧೀಜಿಯ ಅಸಮ್ಮತಿ ಎರಡೂ ಅವರವರ ಮಾತಿನಲ್ಲೇ ಆ ಪುಟಗಳಲ್ಲಿ ಸಿಗುತ್ತವೆ.